ಒಣಗಲು ಹಾಕಿದ ನೆರಳು

ಪ್ರಿಯಂವದಾಳಿಗೆ ಎರಡು ಸಂಗತಿಗಳು ಇರಲಿಲ್ಲ. ಹುಟ್ಟಿನಿಂದ ದೃಷ್ಟಿ, ಎಂಟನೇ ಕ್ಲಾಸಿನಿಂದ ಇನ್ನೊಬ್ಬರ ಮಾತನ್ನು ನಂಬುವ ಅಭ್ಯಾಸ.

ಎಂಟನೇ ಕ್ಲಾಸಿನಲ್ಲಿ ಗೆಳತಿಯರು, "ಎದುರಿಗೆ ಹೆಡ್‌ಮಿಸ್ ನಿಂತಿದ್ದಾರೆ, ವಿಶ್ ಮಾಡೇ" ಎಂದಿದ್ದರು. ಅವಳು ನಗುತ್ತಾ ಗುಡ್ ಮಾರ್ನಿಂಗ್ ಹೇಳಿದಳು. ಎದುರಿಗಿದ್ದದ್ದು ಲೈಟು ಕಂಬ. ಅವರ ನಗು ಅವಳ ಕಿವಿಯಲ್ಲಿ ಹದಿನಾಲ್ಕು ವರ್ಷ ಉಳಿಯಿತು.

ಈಗ ಅವಳ ಕಿವಿಯೇ ಅವಳ ಉದ್ಯೋಗ. ಲಿಂಗರಾಜಪುರದ ಒಂದು ಸಣ್ಣ ಸ್ಟುಡಿಯೋದಲ್ಲಿ, ಕಣ್ಣು ಕಾಣದವರಿಗಾಗಿ ಸಿನಿಮಾಗಳಿಗೆ ವಿವರಣೆ ಸೇರಿಸುತ್ತಿದ್ದರು. ಪರದೆಯ ಮೇಲೆ ನಡೆಯುವುದನ್ನು ಒಬ್ಬರು ನೋಡಿ ಬರೆದು, ಮಾತುಗಳ ನಡುವಿನ ಖಾಲಿ ಜಾಗದಲ್ಲಿ ಓದುತ್ತಾರೆ. ಅದನ್ನು ಕೇಳಿ ಪಾಸೋ ಫೇಲೋ ಹೇಳುವವಳು ಪ್ರಿಯಂವದಾ. ನಾಲ್ಕು ವರ್ಷದಲ್ಲಿ ಅವಳ ಒಪ್ಪಿಗೆಯಿಲ್ಲದೆ ಒಂದು ಸಿನಿಮಾವೂ ಹೊರಗೆ ಹೋಗಿರಲಿಲ್ಲ.

ಹೊಸ ಬರಹಗಾರ ಬಂದ ದಿನ ಅವಳು ಕುರ್ಚಿಯಿಂದ ಏಳಲಿಲ್ಲ.

"ಹೆಸರು?"

"ಜಗನ್, ಮೇಡಂ. ಹಲಸೂರು. ಮಾರ್ಕೆಟ್ ಹತ್ರ ನಮ್ಮಜ್ಜಿ ಮುನಿಶಾಮಮ್ಮನ ಇಸ್ತ್ರಿ ಗಾಡಿ ಇದೆ, ಯಾರನ್ನ ಕೇಳಿದ್ರೂ ಹೇಳ್ತಾರೆ."

"ಅಡ್ರೆಸ್ ಕೇಳಲಿಲ್ಲ. ವಾಕ್ಯ ಚಿಕ್ಕದಿರ್ಲಿ. ಕಂಡಿದ್ದಷ್ಟೇ ಹೇಳಿ. ಕನಿಕರ ಬೇಡ."

"ಕನಿಕರ ಸ್ಟಾಕ್ ಇಲ್ಲ ಮೇಡಂ. ಇದ್ದಿದ್ರೆ ನನಗೇ ಇಟ್ಕೋತಿದ್ದೆ. ಕೊರಿಯನ್ ಸಿನಿಮಾ ಅಂತೆ, ಮೂರೇ ವಾರ ಟೈಮ್ ಅಂತೆ!"

ಅವಳಿಗೆ ನಗು ಬಂತು. ತೋರಿಸಲಿಲ್ಲ.

ಸಿನಿಮಾದ ಮಾತುಗಳು ಆಗಲೇ ಕನ್ನಡಕ್ಕೆ ಡಬ್ ಆಗಿದ್ದವು. ಸಿಯೋಲ್ ನಗರದ ಒಬ್ಬ ಲಾಂಡ್ರಿ ಹುಡುಗಿ, ಅವಳ ಮನೆಯ ಮೇಲಿನ ಮಹಡಿಯ ಒಬ್ಬ ಸಂಕೋಚದ ಹುಡುಗ. ಮೊದಲ ಅರ್ಧ ಗಂಟೆಯ ವಿವರಣೆಯಲ್ಲಿ ಜಗನ್ ಒಂದು ಪದವನ್ನೂ ಹೆಚ್ಚಿಗೆ ಬಳಸಲಿಲ್ಲ. ಸ್ಟುಡಿಯೋದಲ್ಲಿ ಅವಳ ತೋಳು ಹಿಡಿದು ಎಳೆಯಲಿಲ್ಲ. "ಎಡಕ್ಕೆ ಮೂರು ಹೆಜ್ಜೆ, ಮೆಟ್ಟಿಲು" ಎನ್ನುತ್ತಿದ್ದ. ಮೆಟ್ಟಿಲು ಸರಿಯಾಗಿ ಮೂರನೇ ಹೆಜ್ಜೆಗೇ ಸಿಗುತ್ತಿತ್ತು.

'ಇವನು ಬೇರೆಯವರ ಹಾಗಲ್ಲ...' ಒಂದು ಸಂಜೆ ಬಸ್ಸಿನಲ್ಲಿ ಅವಳಿಗೆ ಹಾಗನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ ಮಂಗಳವಾರ. ಜಗನ್ ಮುಂದಿನ ಭಾಗ ಓದಿದ.

"ಅವಳು ಬಕೆಟ್‌ನಿಂದ ತನ್ನ ನೆರಳನ್ನು ಎತ್ತಿ ಹಿಂಡುತ್ತಾಳೆ. ಹಗ್ಗದ ಮೇಲೆ ಒಣಗಲು ಹಾಕುತ್ತಾಳೆ."

ಪ್ರಿಯಂವದಾ ಕೈ ಎತ್ತಿ ನಿಲ್ಲಿಸಿದಳು. ಅವಳಿಗೆ ಕೇಳಿಸಿದ್ದು ನೀರು ತೊಟ್ಟಿಕ್ಕುವ ಸದ್ದು, ಗಾಳಿಗೆ ಬಟ್ಟೆ ಪಟಪಟ ಬಡಿಯುವ ಸದ್ದು. ನೆರಳೆಂದರೆ ಮೈಮೇಲಿನ ಬಿಸಿಲು ನಿಲ್ಲುವ ಜಾಗ. ಅದನ್ನು ಹಿಂಡುವುದು ಹೇಗೆ?

"ಅದು ಬಟ್ಟೆ ಅಲ್ವಾ?"

"ಅಲ್ಲ ಮೇಡಂ, ನೆರಳು."

"ಮುಂದೆ?"

"ಮೇಲ್ಮನೆ ಹುಡುಗ ಅವಳನ್ನ ನೋಡ್ತಾನೆ. ಅವನ ಕತ್ತು ಉದ್ದ ಆಗುತ್ತೆ. ಕಿಟಕಿಯಿಂದ ಹೊರಗೆ ಬಂದು ಎರಡು ಮಹಡಿ ಇಳಿಯುತ್ತೆ."

"ಅವನೇನು ಜಿರಾಫೆನಾ?"

"ಮನುಷ್ಯನೇ! ಪ್ರೀತಿ ಮುಚ್ಚಿಟ್ಟಾಗೆಲ್ಲ ಕತ್ತು ಉದ್ದ ಆಗುತ್ತೆ ಪಾಪ." ಅವನು ಜೋರಾಗಿ ನಕ್ಕ.

ಆ ನಗು ಅವಳಿಗೆ ಎಂಟನೇ ಕ್ಲಾಸಿನ ನಗುವಿನಂತೆಯೇ ಕೇಳಿಸಿತು.

"ಸಾಕು!" ಅವಳು ಹೆಡ್‌ಫೋನ್ ಕಿತ್ತಿಟ್ಟಳು. "ಕಾಣಲ್ಲ ಅಂತ ಏನು ಬೇಕಾದ್ರೂ ಹೇಳ್ಬಹುದು ಅಂದ್ಕೊಂಡ್ರಾ? ನೀವೂ ಎಲ್ಲರ ಹಾಗೇನೇ."

"ಮೇಡಂ, ಹಾಗೇ ಇದೆ ಸಿನಿಮಾದಲ್ಲಿ! ಯಾರನ್ನಾದ್ರೂ ಕರೆದು ಕೇಳಿ."

"ಕಣ್ಣು ಕಾಣೋರೆಲ್ಲ ಒಂದೇ ಕಡೆ ಅಂತ ನನಗೆ ಚೆನ್ನಾಗಿ ಗೊತ್ತು. ಇಂಥವು ಎಷ್ಟು ಸಾಲಿದೆ?"

"ಹದಿನಾಲ್ಕು."

"ಹದಿನಾಲ್ಕೂ ತೆಗೀರಿ. ಸುಳ್ಳು ಬರೆದಿದ್ದೆ ಅಂತ ಷೀಟ್‌ನಲ್ಲಿ ಬರೆದು ಸಹಿ ಹಾಕಿ."

ಕುರ್ಚಿ ಹಿಂದೆ ಸರಿದ ಸದ್ದು.

"ಬರೆದಿದ್ದು ಸರಿ ಇಲ್ಲ ಅಂದಿದ್ರೆ ಹತ್ತು ಸಲ ತಿದ್ದುತಿದ್ದೆ. ಸುಳ್ಳು ಅಂತ ಸಹಿ ಹಾಕಕ್ಕೆ ನನ್ನಿಂದ ಆಗಲ್ಲ ಮೇಡಂ."

ಅವನು ಹೊರಟುಹೋದ. ಸ್ಟುಡಿಯೋದ ಒಡತಿ ಶೀಬಾ ಆ ವಾರ ಚೆನ್ನೈಯಲ್ಲಿದ್ದಳು. ಫೋನಿನಲ್ಲಿ, "ನೀನು ಹೇಳಿದ್ಮೇಲೆ ಮುಗೀತು ಪ್ರಿಯಾ, ಕಟ್ ಮಾಡಿಸು" ಎಂದಷ್ಟೇ ಹೇಳಿದಳು.

ಹದಿನಾಲ್ಕು ಸಾಲುಗಳು ಹೋದವು. ಅವುಗಳ ಜಾಗದಲ್ಲಿ 'ಬಟ್ಟೆ ಒಣಗಹಾಕುತ್ತಾಳೆ' ಎಂಬಂಥ ಸಾಲುಗಳು ಬಂದವು. ಪ್ರಿಯಂವದಾ ತಾನು ಗೆದ್ದೆ ಎಂದುಕೊಂಡಳು. ಆದರೆ ಮೂರನೇ ಹೆಜ್ಜೆಯ ಮೆಟ್ಟಿಲಿನ ಬಳಿ ದಿನವೂ ಅವಳ ಕಾಲು ಒಂದು ಕ್ಷಣ ನಿಲ್ಲುತ್ತಿತ್ತು...

ಮುಂದಿನ ವಾರದ ಶುಕ್ರವಾರ ಸಂಜೆ ಅವಳು ವಿಮಾನಪುರದ ಮನೆಯಲ್ಲಿ ಕುಳಿತು ಲ್ಯಾಪ್‌ಟಾಪ್‌ನಲ್ಲಿ ಕೊನೆಯ ಸಲ ಸಿನಿಮಾ ಕೇಳುತ್ತಿದ್ದಳು. ಭಾನುವಾರ ಪ್ರದರ್ಶನ. ತಂದೆ ಯಜ್ಞನಾರಾಯಣ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಕೂತರು. ಅವರು ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಿಂದ ನಿವೃತ್ತರಾದವರು.

"ಅಯ್ಯೋ, ಇದೇನೇ ಪುಟ್ಟಿ! ಈ ಹುಡುಗಿ ನೆರಳು ಹಿಂಡ್ತಿದ್ದಾಳಲ್ಲೇ!"

ಅವಳ ಬೆರಳು ಕೀಬೋರ್ಡ್ ಮೇಲೆ ನಿಂತಿತು.

"ಬಟ್ಟೆ ಇರ್ಬೇಕು. ಸರಿಯಾಗಿ ನೋಡಪ್ಪ."

"ಬಟ್ಟೆ ಗೊತ್ತಾಗಲ್ವೇನೇ ನಂಗೆ? ಕಪ್ಪಗಿದೆ, ತಲೆ ಇದೆ, ಕೈಕಾಲಿದೆ. ಕ್ಲಿಪ್ ಬೇರೆ ಹಾಕ್ತಾಳೆ! ಅಯ್ಯಯ್ಯೋ, ಆ ಹುಡುಗನ ಕತ್ತು... ಕಿಟಕಿಯಿಂದ ಕೆಳಗಿಳೀತು!"

ಅವಳು ಸಿನಿಮಾ ನಿಲ್ಲಿಸಿದಳು. ನಡೆದದ್ದನ್ನೆಲ್ಲ ತಂದೆಗೆ ಹೇಳಿದಳು.

ಅವರು ಸಮಾಧಾನ ಮಾಡಲಿಲ್ಲ. "ಮೂವತ್ತೆರಡು ವರ್ಷ ಇನ್‌ಸ್ಪೆಕ್ಷನ್ ಮಾಡಿದೀನಿ. ಅಳೆಯದೆ ಪಾಸ್ ಮಾಡೋದು ಎಷ್ಟು ತಪ್ಪೋ, ಅಳೆಯದೆ ರಿಜೆಕ್ಟ್ ಮಾಡೋದೂ ಅಷ್ಟೇ ತಪ್ಪು. ನಿನ್ನ ಹತ್ರ ಅಳೆಯೋ ಗೇಜ್ ಇಲ್ದಿದ್ರೆ ಪಕ್ಕದವನ ಹತ್ರ ಇಸ್ಕೋಬೇಕಿತ್ತು." ಆಮೇಲೆ ದನಿ ಇಳಿಸಿದರು. "ನಾಳೆ ನಾನೂ ಬರ್ಲಾ?"

"ಬೇಡಪ್ಪ. ತಪ್ಪು ಮಾಡಿದ್ದು ನಾನು. ನಾನೇ ಹೋಗ್ತೀನಿ."

ಮೊದಲು ಸ್ಟುಡಿಯೋದ ಎಲ್ಲರಿಗೂ, ಜಗನ್‌ಗೂ, ಮೇಲ್ ಬರೆದಳು. 'ಜಗನ್ ಬರೆದದ್ದು ನಿಜ. ನಾನು ವಿಚಾರಿಸದೆ ಸುಳ್ಳು ಎಂದೆ.' ಎರಡೇ ವಾಕ್ಯ.

ಶನಿವಾರ ಬೆಳಿಗ್ಗೆ ಇಂದಿರಾನಗರದವರೆಗೆ ಬಸ್ಸು, ಅಲ್ಲಿಂದ ಹಲಸೂರಿಗೆ ಮೆಟ್ರೋ. ಇಳಿಯುವಾಗ ಯಾರದೋ ಬ್ಯಾಗು ತಗುಲಿ ಅವಳ ಕೋಲಿನ ರಬ್ಬರ್ ತುದಿ ಕಳಚಿ ಎಲ್ಲೋ ಉರುಳಿತು. ಹುಡುಕಲು ನಿಲ್ಲಲಿಲ್ಲ. ಬರಿಯ ಲೋಹದ ತುದಿಯನ್ನು ಟಣ್ ಟಣ್ ಎನ್ನಿಸುತ್ತಾ ಮಾರ್ಕೆಟ್ ಬೀದಿಗೆ ಬಂದಳು. ಇದ್ದಿಲಿನ ಕಾವು, ನೀರು ಚಿಮುಕಿಸಿದ ಹತ್ತಿಬಟ್ಟೆಯ ವಾಸನೆ. ಅವಳು ನಿಂತಳು.

"ಏನಮ್ಮಾ, ಸೀರೆನಾ ಪ್ಯಾಂಟಾ?" ವಯಸ್ಸಾದ ದನಿ.

"ತಪ್ಪಾಯ್ತು ಅಂತ ಹೇಳೋಕೆ ಬಂದೆ ಅಜ್ಜಿ. ಜಗನ್‌ಗೆ."

"ಅದಕ್ಕೆಲ್ಲ ಇಸ್ತ್ರಿ ಹಾಕಲ್ಲಮ್ಮ ನಾನು. ಲೇ ಜಗಾ! ಬಾರೋ ಈಚೆ!"

ಹೆಜ್ಜೆ ಸದ್ದು. ಅವಳ ಮುಖದ ಮೇಲಿನ ಬಿಸಿಲು ನಿಂತಿತು. ಹಣೆ, ಕೆನ್ನೆ, ಕತ್ತು ತಂಪಾದವು. ಇದು ಅವನ ನೆರಳು ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

"ಮೇಲ್ ಓದಿದೆ," ಎಂದ ಜಗನ್.

"ಬಾಯಲ್ಲೂ ಹೇಳ್ಬೇಕಲ್ಲ. ನೀವು ಕಂಡಿದ್ದಷ್ಟೇ ಹೇಳಿದ್ರಿ. ತಪ್ಪು ನಂದು."

"ಬೈದಿದ್ರೆ ನಕ್ಕು ಸುಮ್ನಾಗ್ತಿದ್ದೆ. ಎಲ್ಲರ ಹಾಗೆ ಅಂದ್ರಲ್ಲ... ಅದು ನಾಟ್ತು."

"ಎಲ್ಲರ ಹಾಗಲ್ಲ ಅಂತ ಅಂದ್ಕೊಂಡಿದ್ದೆ. ಅದಕ್ಕೇ ಅಷ್ಟು ಕೋಪ ಬಂತು."

ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತು. ಅಜ್ಜಿ ಪೂರ್ತಿ ಕಿವಿ ಇಲ್ಲೇ ಇಟ್ಟಿದ್ದಳು.

"ನಿಮ್ಮನ್ನ ವಾಪಸ್ ಬನ್ನಿ ಅನ್ನಲ್ಲ," ಪ್ರಿಯಂವದಾ ತಲೆಯೆತ್ತಿ ಹೇಳಿದಳು. "ಹದಿನಾಲ್ಕು ಸಾಲು ವಾಪಸ್ ಕೊಡಿ. ನಾಳೆ ಅರವತ್ತೆರಡು ಜನ ಬರ್ತಾರೆ, ಎಲ್ರೂ ನನ್ನಂಥೋರೇ. ನನ್ನನ್ನ ನಂಬಿ ಬರ್ತಾರೆ. ನೆರಳಿನ ಸಿನಿಮಾನ ಬಟ್ಟೆ ಸಿನಿಮಾ ಅಂತ ಅವರಿಗೆ ಕೊಟ್ರೆ, ಆ ಲೈಟು ಕಂಬಕ್ಕೆ ಅವರಿಂದ ನಾನೇ ವಿಶ್ ಮಾಡಿಸಿದ ಹಾಗೆ."

"ಯಾವ ಲೈಟು ಕಂಬ?"

ಅವಳು ಹೇಳಿದಳು. ಹದಿನಾಲ್ಕು ವರ್ಷದಲ್ಲಿ ಹೊರಗಿನವರೊಬ್ಬರಿಗೆ ಮೊದಲ ಸಲ. ಅವನು ನಗಲಿಲ್ಲ.

"ರೆಕಾರ್ಡಿಂಗ್‌ಗೆ ಇನ್ನು ಟೈಮ್ ಇಲ್ಲ," ಎಂದ. "ಲೈವ್ ಆಗಿ ಮೈಕಲ್ಲಿ ಹೇಳ್ತೀನಿ. ಆದ್ರೆ ನೀವು ಪಕ್ಕ ಕೂರ್ಬೇಕು. ಒಂದು ಪದ ಹೆಚ್ಚಾದ್ರೂ ಭುಜಕ್ಕೆ ಬಡೀರಿ."

"ಬಡೀತೀನಿ."

"ಗೊತ್ತು," ಎಂದ. ದನಿಯಲ್ಲಿ ನಗುವಿತ್ತು.

ಭಾನುವಾರ, ಇಂದಿರಾನಗರದ ಸಭಾಂಗಣ. ಅರವತ್ತೆರಡು ಹೆಡ್‌ಫೋನ್. ನೆರಳು ಬಕೆಟ್‌ನಿಂದ ಎದ್ದಾಗ ಇಡೀ ಸಭಾಂಗಣ ಉಸಿರು ಹಿಡಿಯಿತು. ಕತ್ತು ಎರಡು ಮಹಡಿ ಇಳಿದಾಗ ಮೂರನೇ ಸಾಲಿನಿಂದ ಯಾರೋ, "ಸೂಪರ್ ಗುರು!" ಎಂದು ಕೂಗಿದರು. ಎಲ್ಲರೂ ನಕ್ಕರು. ಈ ಸಲ ಆ ನಗುವಿನಲ್ಲಿ ಪ್ರಿಯಂವದಾಳದೂ ಸೇರಿತ್ತು. ಅವಳ ಕೈ ಅವನ ಭುಜದ ಮೇಲಿತ್ತು. ಒಮ್ಮೆಯೂ ಬಡಿಯಲಿಲ್ಲ.

ಕೊನೆಯ ದೃಶ್ಯ. ಮಾತಿಲ್ಲ, ಸಂಗೀತವಿಲ್ಲ. ಜಗನ್ ಮೈಕ್ ಮುಚ್ಚಿಕೊಂಡು ಅವಳ ಕಡೆ ಬಾಗಿದ.

"ಇದನ್ನ ನಿಮಗೊಬ್ರಿಗೇ ಹೇಳ್ಲಾ?"

ಅವಳಿಗೆ ಕೇಳುವ ಆಸೆಯಾಯಿತು. ಆದರೂ ತಲೆ ಅಡ್ಡಡ್ಡ ಆಡಿಸಿದಳು.

"ಬೇಡ! ಮೈಕಲ್ಲಿ ಹೇಳಿ. ಅರವತ್ತೆರಡು ಜನಕ್ಕೂ."

ಅಷ್ಟರಲ್ಲಿ ಒಂದು ಸಾಲಿನ ಜಾಗ ದಾಟಿಹೋಗಿತ್ತು. ಅವನು ಮುಂದಿನದನ್ನು ಹಿಡಿದ.

"ಒಂದೇ ಹಗ್ಗ. ಎರಡು ನೆರಳು. ಗಾಳಿ ಬರುತ್ತದೆ. ಎರಡೂ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಕೆಳಗೆ ನಿಂತ ಇಬ್ಬರ ಮುಖದ ಮೇಲೂ ಬಿಸಿಲು ನಿಲ್ಲುತ್ತದೆ."

ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಪ್ರಿಯಂವದಾ ಬೆನ್ನು ನೆಟ್ಟಗೆ ಮಾಡಿ ಪೂರ್ತಿ ಕೇಳಿದಳು. ಅದರಲ್ಲಿ ಅವಳ ಪಾಲೂ ಇತ್ತು, ನಾಚಿಕೆಯಿಲ್ಲದೆ ತೆಗೆದುಕೊಂಡಳು.

ಜನ ಕರಗಿದ ಮೇಲೆ ಜಗನ್ ಮೈಕ್ ಆಫ್ ಮಾಡಿದ. ಅದರ ಸಣ್ಣ ಗುಂಯ್ ನಿಂತಿದ್ದನ್ನು ಅವಳು ಖಚಿತ ಮಾಡಿಕೊಂಡಳು.

"ಈಗ ಹೇಳಿ. ಆಗ ನನಗೊಬ್ಬಳಿಗೇ ಹೇಳ್ಬೇಕು ಅಂದಿದ್ದು ಸಿನಿಮಾದಾ?"

"ಅಲ್ಲ." ಅವನು ಅವಳ ಕಡೆ ಕುರ್ಚಿ ತಿರುಗಿಸಿದ. "ನಿಮ್ಮನ್ನ ಕಂಡ್ರೆ ಇಷ್ಟ, ಪ್ರಿಯಂವದಾ. ದಿನಾ ನಿಮ್ಮ ಪಕ್ಕ ಇರ್ಬೇಕು ಅನ್ಸುತ್ತೆ. ಇದೂ ಕಂಡಿದ್ದಷ್ಟೇ. ಸೇರಿಸಿದ್ದೇನೂ ಇಲ್ಲ."

"ಅಳೆಯದೆ ಒಪ್ಪಲ್ಲ ನಾನು."

ಅವಳು ಕೈ ಚಾಚಿದಳು. ಬೆರಳುಗಳು ಅವನ ಕತ್ತನ್ನು ಮೆಲ್ಲಗೆ ಮುಟ್ಟಿದವು. ಅಲ್ಲಿ ನಾಡಿ ಓಡುತ್ತಿತ್ತು.

"ಎಷ್ಟು ದಿನದಿಂದ ಮುಚ್ಚಿಟ್ಟಿದ್ರಿ? ಉದ್ದ ಆಗಿದೆ."

"ಎಷ್ಟು?"

"ಎರಡು ಮಹಡಿ."

"ಹಾಗಾದ್ರೆ... ಫೇಲಾ?"

"ಪಾಸ್," ಎಂದಳು. ಕೈ ತೆಗೆಯಲಿಲ್ಲ.

ಒಟ್ಟು ಕಳೆದದ್ದು: ಹನ್ನೊಂದು ದಿನ, ಒಂದು ಸಾಲು, ಕೋಲಿನ ರಬ್ಬರ್ ತುದಿ ಒಂದು.