ನೆರಳಿಗೆ ಕಟ್ಟಿದ ಸೀರೆಗಳು

ಬಾಳೆ ಎಲೆಯ ಕಟ್ಟುಗಳನ್ನು ಟೆಂಪೋದಲ್ಲಿ ಪೇರಿಸಿ ಸಾತ್ವಿಕ ತಿರುಗಿದಾಗ ಪೂನಂ ಅವನನ್ನೇ ನೋಡುತ್ತಿದ್ದಳು. ರೆಪ್ಪೆ ಮಿಟುಕಿಸದೆ, ತುಟಿ ತುಸು ತೆರೆದು. ಎಷ್ಟೋ ಭಾನುವಾರಗಳನ್ನು ಅವನು ಇಂಥದೊಂದು ನೋಟಕ್ಕಾಗಿಯೇ ಸವೆಸಿದ್ದ. ಕೂದಲು ಸರಿಮಾಡಿಕೊಂಡ.

"ಎಲ್ಲಾ ಕೊಯ್ದ್ರಿ?" ಎಂದಳು.

"ಸುಳಿ ಮಾತ್ರ ಉಳಿಸಿದ್ದೇನೆ," ಎಂದ, ಹೊಗಳಿಕೆಗೆ ಕಾಯುವವನಂತೆ.

ಅವಳು ಮುಖ ಮುಚ್ಚಿಕೊಂಡು ಬದುವಿನ ಮೇಲೆ ಕುಸಿದಳು. ಆ ನೋಟ ಪ್ರೇಮದ್ದಲ್ಲ ಎಂದು ತಿಳಿಯಲು ಅವನಿಗೆ ಇನ್ನೂ ಕೊಂಚ ಹೊತ್ತು ಹಿಡಿಯಿತು.

ತಪ್ಪು ಇಬ್ಬರದೂ ಇತ್ತು. ಯುಗಾದಿಗೆ ಬೇಕಾದಷ್ಟು ಎಲೆ ಕೊಯ್ದುಕೊಳ್ಳಿ ಎಂದು ಹಿಂದಿನ ವಾರ ಹೇಳಿದವಳು ಅವಳೇ. ಮುಂಬಯಿ ಬಳಿಯ ಕಲ್ಯಾಣದ ಅವಳ ಮನೆಯಲ್ಲಿ ಹಬ್ಬಕ್ಕೆ ಬೇಕಾದಷ್ಟು ಎಂದರೆ ದೇವರ ನೈವೇದ್ಯಕ್ಕೊಂದು, ಅಪ್ಪನಿಗೊಂದು. ಉಳಿದವರು ಹೋಳಿಗೆಯನ್ನು ಸ್ಟೀಲ್ ತಟ್ಟೆಯಲ್ಲೇ ಉಣ್ಣುವವರು. ಸಾತ್ವಿಕನದು ಉಡುಪಿಯ ಮನೆತನ, ಡೊಂಬಿವಲಿ ಸ್ಟೇಷನ್ ಹತ್ತಿರ ಶಾಕಾಹಾರಿ ಹೋಟೆಲು. ಯುಗಾದಿಯ ಊಟಕ್ಕೆ ಅಲ್ಲಿ ಕ್ಯೂ ಮೆಟ್ಟಿಲಿಳಿದು ರಿಕ್ಷಾ ಸ್ಟ್ಯಾಂಡಿನವರೆಗೆ ಹೋಗುತ್ತದೆ. ಬಾಳೆ ಎಲೆಯನ್ನು ಅವನು ಹುಟ್ಟಿದಂದಿನಿಂದ ತಟ್ಟೆಯಾಗಿ ಕಂಡವನೇ ಹೊರತು ಕೊಡೆಯಾಗಿ ಅಲ್ಲ.

ಟಿಟ್ವಾಲಾದ ಆಚೆಯ ಈ ತೋಟದಲ್ಲಿ ಅದು ಕೊಡೆ. ಬದುವಿಗೆ ತೇಗ, ನಡುವೆ ಹಲಸು ಮಾವು, ಅವು ಬೆಳೆಯುವ ತನಕ ನೆರಳಿಗೆ ಬಾಳೆ, ಬಾಳೆಯ ಬುಡದಲ್ಲಿ ಮೊಣಕಾಲೆತ್ತರದ ಕೋಕಮ್ ಸಸಿಗಳು. ಅದೇ ಕೋಕಮ್ಮನ್ನು ಸಾತ್ವಿಕನ ಮನೆಯಲ್ಲಿ ಪುನರ್ಪುಳಿ ಎಂದು ಕರೆದು ಬೇಸಿಗೆಯುದ್ದಕ್ಕೂ ಶರಬತ್ತು ಕುಡಿಯುತ್ತಾರೆ. ಸಸಿಯ ಗುರುತು ಯಾರಿಗೂ ಇಲ್ಲ.

ಪೂನಂಳ ಅಪ್ಪ ವಿರುಪಾಕ್ಷಪ್ಪ ಕಲ್ಯಾಣದಲ್ಲಿ ಸೀರೆ ಅಂಗಡಿ ಇಟ್ಟವರು. ಮಳೆಗಾಲಕ್ಕೆ ಭತ್ತ ಬೆಳೆದು ಮಿಕ್ಕ ತಿಂಗಳೆಲ್ಲ ಬೀಗ ಹಾಕುತ್ತಿದ್ದ ಹೊಲವನ್ನು ಮಗಳು ಮರಗಳ ತೋಟ ಮಾಡಿದಳು. ಮನೆಯವರ ಕೈ ಸಾಲದಾದಾಗ ಸಾತ್ವಿಕ ವಾಸವಿದ್ದ ಡೊಂಬಿವಲಿಯ ಹೌಸಿಂಗ್ ಸೊಸೈಟಿಯನ್ನೇ ಕರೆದಳು: ಮನೆಗಿಷ್ಟು ಮರ, ಭಾನುವಾರ ದುಡಿಮೆ, ಫಸಲಿನಲ್ಲಿ ಪಾಲು. ವಿರುಪಾಕ್ಷಪ್ಪ ಅದನ್ನು ಪಿಕ್ನಿಕ್ ಎನ್ನುತ್ತಿದ್ದರು. ಬಂದವರ ಕೈಯಲ್ಲಿ ಗಿಡ ಹಾಳಾದರೆ ಗೇಟು ಮುಚ್ಚುವುದೆಂಬ ಷರತ್ತಿನ ಮೇಲೆ ಒಪ್ಪಿದ್ದರು. ಗೇಟು ಮುಚ್ಚಿದರೆ ತೋಟವೂ ಮುಗಿದಂತೆ ಎಂದು ಪೂನಂಗೆ ಗೊತ್ತಿತ್ತು.

ಮಧ್ಯಾಹ್ನ ಬಂದ ವಿರುಪಾಕ್ಷಪ್ಪ ಎಲೆಯಿಲ್ಲದ ಬಾಳೆಗಳನ್ನು ಸಾಲುಸಾಲಾಗಿ ನೋಡಿದರು.

"ಇಷ್ಟು ಕಂಬಾ ಯಾವಾಗ ನೆಟ್ಟಿ, ಪೂನಂ?"

ಹೇಳಿದ್ದು ನಾನು ಎಂದಳು ಮಗಳು. ಕೊಯ್ದದ್ದು ನಾನು ಎಂದ ಸಾತ್ವಿಕ. ಬಿಲ್ಲು ಕೊಡಲು ಜಗಳಾಡುವ ಗಿರಾಕಿಗಳನ್ನು ನೋಡುವಂತೆ ಇಬ್ಬರನ್ನೂ ನೋಡಿ ವಿರುಪಾಕ್ಷಪ್ಪ ತೀರ್ಪು ಕೊಟ್ಟರು: ನಾಳೆಯಿಂದ ಗೇಟಿಗೆ ಬೀಗ.

ಅವರು ಹೋದ ಮೇಲೆ ಸಾತ್ವಿಕ ಕ್ಷಮೆ ಕೇಳಲಿಲ್ಲ. ಹೊಸ ಎಲೆ ಬರಲು ಎಷ್ಟು ದಿನ ಎಂದು ಕೇಳಿದ. ಕೆಲವು ವಾರ ಎಂದಳು. ಅಲ್ಲಿಯ ತನಕ ಬಟ್ಟೆಯ ನೆರಳು ಕೊಟ್ಟರೆ ಆಗುತ್ತದೆಯೇ? ಅವಳು ಮೊದಲ ಸಲ ತಲೆಯೆತ್ತಿ, ತೆಳು ಹತ್ತಿಯಾದರೆ ಆದೀತು, ನೈಲಾನ್ ಆದರೆ ಸಸಿ ಬೇಯುತ್ತದೆ ಎಂದಳು.

ಸಂಜೆ ಸೊಸೈಟಿಯ ಸೆಕ್ರೆಟರಿ ಪುಂಡರೀಕಾಕ್ಷ, ಹಳೆಯ ಹತ್ತಿ ಸೀರೆ ತುರ್ತಾಗಿ ಬೇಕೆಂದು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಯಾರ ಮನೆ ಮುಳುಗಿತು ಎಂದು ಒಬ್ಬರು ಕೇಳಿದರು. ಸಾತ್ವಿಕನದು ಎಂದು ಇನ್ನೊಬ್ಬರು ಉತ್ತರಿಸಿದರು.

ಸೋಮವಾರ ಬೆಳಿಗ್ಗೆ ಆಫೀಸಿಗೆ ರಜೆ ಹಾಕಿದವರು ಗಂಟುಗಳನ್ನು ಹೊತ್ತು ಟಿಟ್ವಾಲಾ ಲೋಕಲ್ ಹತ್ತಿದರು. ಮುಂಬಯಿಗೆ ಬೆನ್ನು ಹಾಕಿದ ಗಾಡಿ ಖಾಲಿಯಿತ್ತು. ಸೋಮವಾರ ಕಿಟಕಿ ಪಕ್ಕದ ಸೀಟು ಸಿಕ್ಕದ್ದನ್ನು ಕೆಲವರು ಇಂದಿಗೂ ಹೇಳುತ್ತಾರೆ.

ಬಿಸಿಲು ಏರುವುದರೊಳಗೆ ಬಿದಿರು ಗಳುಗಳ ಮೇಲೆ ಸೀರೆಗಳು ಎದ್ದವು. ಹಸಿರು, ಕುಂಕುಮ, ನೇರಳೆ. ಹಳದಿ ಸೀರೆಯ ಒಂದು ತುದಿ ಪೂನಂ ಕಟ್ಟುತ್ತಿದ್ದಳು, ಇನ್ನೊಂದು ಸಾತ್ವಿಕನ ಕೈಯಲ್ಲಿತ್ತು. ಗಾಳಿಗೆ ಸೀರೆ ಉಬ್ಬಿ, ಸೋಸಿ ಬಂದ ಬೆಳಕು ಅವಳ ಕೆನ್ನೆಯ ಮೇಲೆ ಚೆಲ್ಲಿತು. ಅವನ ಕೈ ಸಡಿಲಾಯಿತು.

"ನನ್ನ ಆಮ್ಯಾಲ ನೋಡ್ರಿ," ಎಂದಳು, ಗಂಟಿನಿಂದ ಕಣ್ಣೆತ್ತದೆ. "ಸೀರಿ ಹಿಡೀರಿ."

ಬೀಗ ಹಿಡಿದು ಬಂದ ವಿರುಪಾಕ್ಷಪ್ಪ ಗೇಟಿನಲ್ಲೇ ನಿಂತರು. ಬದುಕಿನುದ್ದಕ್ಕೂ ತಾವು ಮಾರಿದ್ದು ಹೊಲದ ತುಂಬ ಹಾರಾಡುತ್ತಿತ್ತು. ಹತ್ತಿರ ಹೋಗಿ ಒಂದು ಸೆರಗನ್ನು ಬೆರಳಲ್ಲಿ ಉಜ್ಜಿದರು.

"ಇದು ಇಳಕಲ್. ಇಂಥಾದ್ದನ್ನ ಹೊಲದಾಗ ಯಾರು ಕಟ್ಟಿದೋರು?"

"ನಾನ ಯಪ್ಪಾ," ಎಂದಳು ಸೊಸೈಟಿಯ ಅಜ್ಜಿ ಮರಗಮ್ಮ, ಬದುವಿನ ಮೇಲೆ ಕಾಲು ಚಾಚಿ ಕುಳಿತವಳು. "ಕಪಾಟಿನ್ಯಾಗ ಸುಮ್ನ ಮಲಗಿತ್ತು. ಇಲ್ಲೆರ ದುಡೀಲಿ."

ವಿರುಪಾಕ್ಷಪ್ಪ ಬೀಗವನ್ನು ಜೇಬಿಗೆ ಹಾಕಿದರು. ಗಂಟು ಹಾಕಿದ ರೀತಿ ನೋಡಿ ಸಂಕಟಪಟ್ಟರು, ಇಳಕಲ್ಲಿನ ಸೆರಗು ಹರಿಯುತ್ತದೆ ಎಂದು ಗೊಣಗಿದರು, ತಾವೇ ಬಿಚ್ಚಿ ಕಟ್ಟಿದರು. ಆಮೇಲೆ ಪಕ್ಕದ್ದನ್ನೂ ಕಟ್ಟಿದರು. ಇಳಿಹೊತ್ತಿನವರೆಗೂ ಕಟ್ಟುತ್ತಲೇ ಇದ್ದರು. ಬೀಗ ಜೇಬಿನಲ್ಲೇ ಉಳಿಯಿತು.

ಕೆಲವು ವಾರಗಳಲ್ಲಿ ಬಾಳೆಗಳು ಮತ್ತೆ ಎಲೆ ಬಿಚ್ಚಿದವು. ಕೋಕಮ್ ಸಸಿಗಳಲ್ಲಿ ಕೆಲವು ಸತ್ತವು, ಬಹಳಷ್ಟು ತಾಮ್ರದ ಬಣ್ಣದ ಚಿಗುರು ಹೊರಡಿಸಿದವು. ವಿರುಪಾಕ್ಷಪ್ಪ ಬಗ್ಗಿ ಬಗ್ಗಿ ನೋಡಿ ಎಲ್ಲರಿಗೂ ಕೇಳುವಂತೆ ಹೇಳಿದರು:

"ಸತ್ತ ಜಾಗಾದಾಗ ಮಳಿಗಾಲಕ್ಕ ಹೊಸಾವು ಹಚ್ಚಬೇಕು. ಐತವಾರ ಯಾರೂ ತಪ್ಪಿಸಂಗಿಲ್ಲ."

ಸೀರೆಗಳನ್ನು ಬಿಚ್ಚಿ ಮಡಚುವ ಕೆಲಸ ಪೂನಂಗೂ ಸಾತ್ವಿಕನಿಗೂ ಬಂತು. ಬಂತು ಎನ್ನುವುದಕ್ಕಿಂತ, ಉಳಿದವರಿಗೆಲ್ಲ ಒಮ್ಮೆಲೇ ಬೇರೆ ಕೆಲಸ ನೆನಪಾಯಿತು. ಒಂದೊಂದು ಮಡಿಕೆಗೂ ಇಬ್ಬರೂ ಹತ್ತಿರ ಬರಬೇಕು, ತುದಿ ಕೂಡಿಸಬೇಕು, ಮತ್ತೆ ದೂರ ಹೋಗಬೇಕು. ಒಂದು ಮಡಿಕೆಯಲ್ಲಿ ಅವನು ದೂರ ಹೋಗಲಿಲ್ಲ.

"ಒಂದು ಹೇಳ್ಲಿಕ್ಕುಂಟು," ಎಂದ. "ನಂಗೆ ಮರ ಗಿಡ ಎಂತದೂ ಗೊತ್ತಿಲ್ಲ. ನಾನು ಬರ್ತಾ ಇದ್ದದ್ದು ನಿಮ್ಮನ್ನು ನೋಡ್ಲಿಕ್ಕೆ."

"ಗೊತ್ತೈತಿ. ಗಿಡಾ ನೋಡೋ ಮನಷ್ಯಾ ಹಂಗ ಎಲಿ ಕೊಯ್ಯಂಗಿಲ್ಲ."

ಅವನು ಕೆಂಪಾದ. ಅವಳು ಅದನ್ನು ಸಾವಕಾಶವಾಗಿ ನೋಡಿದಳು, ಅವಸರವಿಲ್ಲದೆ, ತನ್ನದೇ ವಸ್ತುವನ್ನು ನೋಡುವವಳಂತೆ.

"ಬುಧವಾರ ಬರ್ತೀರೇನು?"

"ಬುಧವಾರ ಎಂತ ಕೆಲಸ?"

"ಕೆಲಸ ಏನೂ ಇಲ್ಲ."

ಹೋಟೆಲಿನ ಗಲ್ಲೆಯಲ್ಲಿ ಬುಧವಾರ ಯಾರು ಕೂರುತ್ತಾರೆ, ಅಪ್ಪನಿಗೆ ಏನು ಹೇಳುವುದು ಎಂಬುದನ್ನು ಯೋಚಿಸಬೇಕೆಂದು ಅವನಿಗೆ ಅನಿಸಿತು. ಯೋಚಿಸಲಿಲ್ಲ.

"ಬೆಳಿಗ್ಗೆ ಬರ್ಲಾ, ಸಂಜೆಯಾ?"

"ಬೆಳಿಗ್ಗೆ ಬಂದು," ಎಂದಳು ಪೂನಂ, "ಸಂಜೀಕ ಹೋಗ್ರಿ."