ಹತ್ತಿ ಮಿಷನ್ನಿನ ಹಿಂದಿನ ಸೀನು

ನಾನು ಫಿಟ್ಟರ್ ಲಿಯಾಖತ್. ಮಿಷನ್ನಿಗೆ ಎಣ್ಣೆ ಹಾಕುತ್ತೇನೆಯೇ ಹೊರತು ಮಾತಿಗೆ ಬಣ್ಣ ಹಚ್ಚುವವನಲ್ಲ. ೧೯೭೮ರಲ್ಲಿ ಮುಳಬಾಗಿಲಿನ ಕೋದಂಡರಾಮಪ್ಪನವರು ತಂದೆಯ ಕಾಲದ ಹತ್ತಿ ಬಿಡಿಸುವ ಮಿಷನ್ನನ್ನು ರಿಪೇರಿ ಮಾಡಿಸಲು ನನ್ನನ್ನು ಕರೆಸಿದರು. ತಂದೆ ತೀರಿಕೊಂಡ ದಿನ ನಿಂತದ್ದು ಹನ್ನೊಂದು ವರ್ಷ ತಿರುಗಿರಲಿಲ್ಲ. ಒಂದು ತಿಂಗಳು ಒದ್ದಾಡಿ ಸರಿಮಾಡಿದೆ.

ಮಟಮಟ ಮಧ್ಯಾಹ್ನ ಅವರು ತೆಂಗಿನಕಾಯಿ ಒಡೆದರು, ನಾನು ಬೆಲ್ಟಿಗೆ ಕೈ ಹಾಕಿದೆ. ಮಿಷನ್ನಿನ ಹಿಂದೆ ಯಾರೋ ಸೀನಿದರು! ಹಳೇ ಹತ್ತಿಯ ಧೂಳು ಬುಸ್ಸೆಂದು ಎದ್ದಿತು, ನಶ್ಯದ ವಾಸನೆ ಬಂತು. ಮಿಷನ್ನಿಗೂ ಗೋಡೆಗೂ ನಡುವೆ ಬೆಕ್ಕು ಕೂಡ ತೂರಲಾರದು.

"ಒಂಟಿ ಸೀನು! ಕೈ ತೆಗೀರಿ ಸಾಬ್ರೇ," ಎಂದು ಕೋದಂಡರಾಮಪ್ಪ ಕೂಗಿದರು. "ಇನ್ನೊಂದು ಬರೋವರೆಗೂ ಶುರು ಮಾಡಂಗಿಲ್ಲ. ನಮ್ಮಪ್ಪನ ಕಾಲದಿಂದ್ಲೂ ಹಂಗೇ."

ಸೀನಿದ್ದು ಯಾರೆಂದು ಒಬ್ಬರೂ ಕೇಳಲಿಲ್ಲ. ಅವರ ತಾಯಿ ಆದಿಲಕ್ಷ್ಮಮ್ಮನೂ ಬಂದು ಮಣೆ ಹಾಕಿಕೊಂಡು ಕುಳಿತರು. ಸಂಜೆಯಾಗುತ್ತಾ ಬಂತು. ಸಾಕಾಗಿ ನಾನೇ ಒಂದು ಸುಳ್ಳು ಸೀನು ಸೀನಿದೆ.

"ಅದು ಲೆಕ್ಕಕ್ಕಿಲ್ಲ," ಎಂದರು ತಾಯಿ ಮಗ ಇಬ್ಬರೂ.

ಕೊನೆಗೆ ಆದಿಲಕ್ಷ್ಮಮ್ಮ ಗಂಡನ ನಶ್ಯದ ಡಬ್ಬಿ ತಂದು ಮಿಷನ್ನಿನ ಮೇಲೆ ತೆರೆದಿಟ್ಟರು. ಮರುಕ್ಷಣವೇ ಹಿಂದಿನಿಂದ ಎರಡನೇ ಸೀನು, ಈ ಸಲ ತೆಳ್ಳಗಿನ ದನಿಯಲ್ಲಿ! ಬೆಲ್ಟು ಹಾಕಿದೆ, ಮಿಷನ್ನು ಹೂವಿನಂತೆ ತಿರುಗಿತು. ಕೋದಂಡರಾಮಪ್ಪ ಕಣ್ಣು ಮುಚ್ಚಿ ಕೈಮುಗಿದರು.

ಆದಿಲಕ್ಷ್ಮಮ್ಮ ಮಾತ್ರ ಮುಖ ಗಂಟಿಕ್ಕಿಕೊಂಡು ಡಬ್ಬಿಯನ್ನು ಪಟ್ಟನೆ ಮುಚ್ಚಿದರು.

"ಮೊದಲನೇ ಸೀನು ನಮ್ಮ ಯಜಮಾನರದೇ ಕಣಪ್ಪ, ನಲವತ್ತು ವರ್ಷ ಕೇಳಿದ್ದೀನಿ," ಎಂದರು. "ಎರಡನೇದು ಯಾವಳದು?"