ಬೊಂಬೆ ಕಲ್ಲೇಶ ಸಭೆಗೆ ಹೋದದ್ದು

ಮೂರು ವರ್ಷ ಕೇಳಿದರೂ ಯೋಗೇಂದ್ರ ಒಂದೇ ಒಂದು ಕಸಿಕಡ್ಡಿ ಕೊಟ್ಟಿರಲಿಲ್ಲ. ಕಮ್ಮರಡಿಯ ಅವನ ಮನೆ ಹಿಂದಿದ್ದ ಜೀರಿಗೆ ಮಿಡಿ ಮಾವಿನ ಮರ ಅಂತಿಂಥದ್ದಲ್ಲ. ಅದರ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದರೆ ಉಂಡು ಎದ್ದವರೂ ಮತ್ತೆ ಎಲೆ ಮುಂದೆ ಕೂರಬೇಕು. ಆ ಮರದ ಎಳೆಯ ಕಡ್ಡಿಯನ್ನು ಬೇರೊಂದು ಸಸಿಗೆ ಕಟ್ಟಿದರೆ ಅದೇ ತಳಿ ಕೈಗೆ ಬರುತ್ತಿತ್ತು. ಕಲ್ಲೇಶ್ ಕೇಳಿದಾಗಲೆಲ್ಲ ಯೋಗೇಂದ್ರನದು ಒಂದೇ ರಾಗ: "ಮುಂದಿನ ವರ್ಷ ನೋಡುವ ಮಾರಾಯ, ಮರ ಸ್ವಲ್ಪ ಸುಧಾರಿಸ್ಕೊಳ್ಲಿ." ಮರಕ್ಕೆ ಸುಧಾರಿಸಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ನರಸಿಂಹರಾಜಪುರದಲ್ಲಿ ಕಸಿ ಕಟ್ಟುವುದರಲ್ಲಿ ತನ್ನನ್ನು ಬಿಟ್ಟರಿಲ್ಲ ಎಂದುಕೊಂಡಿದ್ದ ಕಲ್ಲೇಶನಿಗೆ ಹೊಟ್ಟೆ ಉರಿಯುತ್ತಿತ್ತು.

ಹಾಗೆಂದು ಕೇಳದೆ ಕತ್ತರಿಸಿಕೊಳ್ಳುವಂತೆಯೂ ಇರಲಿಲ್ಲ. ಇಬ್ಬರೂ ಮಿಡಿ ಬೆಳೆಗಾರರ ಕೂಟದವರು. ಇನ್ನೊಬ್ಬರ ಮರಕ್ಕೆ ಕೇಳದೆ ಕತ್ತಿ ಹಾಕಿದವನು ಕೂಟದಿಂದ ಹೊರಗೆ ಎಂಬ ನಿಯಮವಿತ್ತು. ಅದನ್ನು ಬರೆದವನೇ ಕಲ್ಲೇಶ್. ಕೂಟ ತಪ್ಪಿದರೆ ಅವನಿಗೆ ಉಳಿಯುವುದು ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯೊಂದೇ. ಮಾವಿನ ಮಾತಾಡಲು ಒಂದು ನರಪಿಳ್ಳೆಯೂ ಸಿಗುತ್ತಿರಲಿಲ್ಲ, ಅದನ್ನು ನೆನೆಸಿಕೊಂಡರೇ ಅವನಿಗೆ ಭಯವಾಗುತ್ತಿತ್ತು.

ದಾರಿ ತೋರಿಸಿದ್ದು 2008ರಲ್ಲಿ ಬಂದ ಕಂಪ್ಯೂಟರ್ ಸಭೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಸದಸ್ಯರು ಬಸ್ಸು ಬದಲಾಯಿಸುತ್ತಾ ಒಂದೆಡೆ ಸೇರುವ ತಾಪತ್ರಯ ತಪ್ಪಲಿ ಎಂದು ಬೆಂಗಳೂರಿನ ಸಂಸ್ಥೆಯೊಂದು ಕಂಪ್ಯೂಟರಿನೊಳಗೇ ಒಂದು ಹಾಲ್ ಕಟ್ಟಿಕೊಟ್ಟಿತ್ತು. ಪ್ರತಿಯೊಬ್ಬರಿಗೂ ತೆರೆಯ ಮೇಲೊಂದು ಬೊಂಬೆ. ಅವರವರ ಊರಲ್ಲಿ ಕೂತು ಕೀ ಒತ್ತಿದರೆ ಬೊಂಬೆಗಳು ನಡೆದು ಬಂದು ಕುರ್ಚಿ ಹಿಡಿಯುತ್ತಿದ್ದವು. ಟೈಪ್ ಮಾಡಿದ್ದು ಅವುಗಳ ತಲೆಯ ಮೇಲೆ ಮಾತಾಗಿ ಮೂಡುತ್ತಿತ್ತು. ಗೋಡೆಯ ತುಂಬ ಮರಗಳ ಫೋಟೊ, ರೋಗ, ಔಷಧಿಯ ವಿವರ.

ಶೃಂಗೇರಿಯ ನಿವೃತ್ತ ಟೀಚರ್ ಜಲಜಮ್ಮ ಮೊದಲ ದಿನವೇ ತಕರಾರು ತೆಗೆದಿದ್ದರು. "ಚಪ್ಪಲಿ ಹಾಕ್ಕೊಂಡು ಒಳಗೆ ಬರೋದು ಎಂತ ಕ್ರಮ? ಬೊಂಬೆಯಾದ್ರೆ ಮರ್ಯಾದೆ ಬೇಡ್ವಾ?" ಬೆಂಗಳೂರಿನವರು ನಕ್ಕು, ಬಾಗಿಲ ಹೊರಗೊಂದು ಚಪ್ಪಲಿ ಸ್ಟ್ಯಾಂಡ್ ಕೂರಿಸಿದರು. ಅದನ್ನು ಒತ್ತಿ ಚಪ್ಪಲಿ ಬಿಡದೆ ಬಾಗಿಲು ತೆರೆಯುತ್ತಿರಲಿಲ್ಲ.

ಬೊಂಬೆಗೆ ಮೊದಲೇ ಕೆಲಸ ಹೇಳಿಡುವ ವಿದ್ಯೆಯನ್ನು ಕಲ್ಲೇಶ್ ಹದಿನೈದು ದಿನದಲ್ಲಿ ಕಲಿತ. ತಾನು ಸಭೆಯಲ್ಲಿ ಏನೇನು ಹೇಳುತ್ತೇನೆಂದು ತಿಳಿಯಲು ಹಳೆಯ ಮಾತುಕತೆಯನ್ನೆಲ್ಲ ತೆಗೆದು ಓದಿದ. ವರ್ಷವಿಡೀ ಆಡಿದ್ದು ಎರಡೇ ಮಾತು: "ಹೌದು ಮಾರಾಯ್ರೆ", "ಅದೂ ಸರಿಯೇ". ಸ್ವಲ್ಪ ಬೇಜಾರಾಯಿತು, ಆದರೆ ಕೆಲಸ ಹಗುರವಾಯಿತು. ತಿಂಗಳ ಸಭೆಯ ಶನಿವಾರ ಮೂರು ಗಂಟೆಗೆ ಬೊಂಬೆ ಬರಬೇಕು, ಚಪ್ಪಲಿ ಬಿಡಬೇಕು, ಕೈಮುಗಿದು ಮೂಲೆಯ ಕುರ್ಚಿಯಲ್ಲಿ ಕೂರಬೇಕು. ಹತ್ತು ನಿಮಿಷಕ್ಕೊಮ್ಮೆ ಸರದಿಯಂತೆ ಒಂದು ಮಾತು. ನಡುವೆ ಒಂದು ಸಲ ಎದ್ದು ಗೋಡೆಯ ಫೋಟೊ ನೋಡಿ ಬರಬೇಕು. ಇದು ಯಾರಿಗೂ ಹೊಳೆಯದ ಬುದ್ಧಿ ಎಂದು ಕಲ್ಲೇಶ್ ತನ್ನ ಬೆನ್ನು ತಾನೇ ತಟ್ಟಿಕೊಂಡ. ನಾಲ್ಕೂವರೆಗೆ ಬೊಂಬೆ "ಬರ್ತೀನಿ" ಎಂದು ಬಾಗಿಲು ದಾಟಿ ಮಾಯ.

ಅಷ್ಟು ಹೊತ್ತು ಯೋಗೇಂದ್ರ, ಅವನ ಹೆಂಡತಿ ಕುಸುಮಾ ಇಬ್ಬರೂ ಕೊಪ್ಪದಲ್ಲಿದ್ದ ಕೂಟದ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಇರುತ್ತಿದ್ದರು. ಮರದ ಹತ್ತಿರ ಇರುವುದು ನಾಯಿ ಮಾತ್ರ.

ಆ ಶನಿವಾರ ನಾಯಿ ಎರಡು ಬಿಸ್ಕತ್ತಿಗೆ ಸ್ನೇಹಿತನಾಯಿತು. ಕಲ್ಲೇಶ್ ಒಂಬತ್ತು ಕಡ್ಡಿ ಕತ್ತರಿಸಿದ. ಸೊನೆ ಒಸರುತ್ತಿದ್ದ ಗಾಯಗಳಿಗೆ ಮರೆಯದೆ ಸಗಣಿ ಮೆತ್ತಿದ. ಯೋಗೇಂದ್ರನ ಮೇಲೆ ಸಿಟ್ಟಿತ್ತೇ ಹೊರತು ಮರದ ಮೇಲೆ ಇರಲಿಲ್ಲ. ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಟಿಫನ್ ಕ್ಯಾರಿಯರಿಗೆ ಹಾಕಿ, ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಾ ಬೈಕಿನಲ್ಲಿ ಊರು ಸೇರಿದ. ಒಂಬತ್ತನ್ನೂ ಸಸಿಗಳಿಗೆ ಕಟ್ಟಿ ಕೈ ತೊಳೆಯುವಾಗ ಮೊಬೈಲ್ ಹೊಡೆದುಕೊಂಡಿತು.

"ಯಾರೋ ನನ್ನ ಮರಕ್ಕೆ ಕತ್ತಿ ಹಾಕಿದಾರೆ ಮಾರಾಯ," ಎಂದ ಯೋಗೇಂದ್ರ. "ನಮ್ಮ ಕೂಟದೋರಂತೂ ಅಲ್ಲ ಬಿಡು."

"ಅದ್ಹೆಂಗೆ ಹೇಳ್ತೀಯ?" ಕಲ್ಲೇಶ್ ಟವೆಲ್ಲಿಗೆ ಕೈ ಒರೆಸಿಕೊಂಡ.

"ಈ ಸಲ ಎಲ್ಲರಿಗೂ ಹತ್ತತ್ತು ಕಡ್ಡಿ ಕೊಡ್ತೀನಿ, ಮೊದಲನೇ ಕಟ್ಟು ಕಲ್ಲೇಶಂಗೆ ಅಂತ ಸಭೇಲಿ ಹೇಳಿದ್ನಲ್ಲ. 'ಅದೂ ಸರಿಯೇ' ಅಂದೆ ನೀನು. ಅದನ್ನ ಕೇಳಿದೋರು ಯಾಕೆ ಕದೀತಾರೆ? ಇವತ್ತು ಸಭೇಲಿ ಇಲ್ಲದೋನೇ ಕದ್ದಿರೋದು. ಜಲಜಮ್ಮಂಗೂ ಹೇಳಿದೆ."

ಕಲ್ಲೇಶನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದರೆ ಒಂದು ಕಡ್ಡಿ ಜಾಸ್ತಿಯೇ ಸಿಗುತ್ತಿತ್ತು. "ಹೌದು ಮಾರಾಯ" ಎಂದ, ಬೊಂಬೆಯ ಹಾಗೆಯೇ. ಆದರೂ ಫೋನ್ ಇಟ್ಟ ಮೇಲೆ ಸಮಾಧಾನವಾಯಿತು. ಲೆಕ್ಕಕ್ಕೆ ಕಲ್ಲೇಶ್ ಸಭೆಯಲ್ಲಿದ್ದ, ಎಲ್ಲರೂ ನೋಡಿದ್ದರು. ಸೋಮವಾರ ಹೋಗಿ ಹತ್ತು ಕಡ್ಡಿ ತರುವುದು, ಬಾಯಿ ಮುಚ್ಚಿಕೊಂಡಿರುವುದು.

ಮತ್ತೆ ಫೋನ್ ಬಂತು. ಈ ಸಲ ಜಲಜಮ್ಮ. "ಸಭೆ ಮುಗಿದ ಮೇಲೆ ಹಾಲ್ ಬಾಗಿಲು ಹಾಕೋದು ನನ್ನ ಕೆಲಸ ಅಲ್ವಾ ಕಲ್ಲೇಶ್," ಎಂದರು, ಮಗ್ಗಿ ಒಪ್ಪಿಸಿಕೊಳ್ಳುವ ದನಿಯಲ್ಲಿ. "ಎಲ್ರೂ ಚಪ್ಪಲಿ ಹಾಕ್ಕೊಂಡು ಹೋಗಿದಾರೆ. ನಿನ್ನ ಚಪ್ಪಲಿ ಮಾತ್ರ ಸ್ಟ್ಯಾಂಡಲ್ಲೇ ಇದೆ." ಪ್ರತಿ ತಿಂಗಳು ಹೊರಡುವಾಗ ಯಾರೂ ಹೇಳದೆಯೇ ಸ್ಟ್ಯಾಂಡ್ ಒತ್ತುತ್ತಿದ್ದದ್ದು ಅವನದೇ ಬೆರಳು. ಬೊಂಬೆಗೆ ಚಪ್ಪಲಿ ಬಿಡಲು ಹೇಳಿದ್ದ, ಹಾಕಿಕೊಳ್ಳಲು ಹೇಳಿರಲಿಲ್ಲ. ಆ ಕಡೆಯಿಂದ ಜಲಜಮ್ಮ ನಗು ತಡೆದುಕೊಂಡು ಕೇಳಿದರು: "ಅಲ್ಲ ಮಾರಾಯ, ಕಮ್ಮರಡಿಗೆ ಬರಿಗಾಲಲ್ಲೇ ಹೋಗಿ ಬಂದ್ಯಾ?"